ಸೆಂಡ್ ಮಾಡಿದರೆ 105: ಝೀರೋ ಕಾಪಿಯಲ್ಲಿ ಎನೋಬಫ್ಸ್ ಬಂದಾಗ ಎಲ್ಲಿ ಹುಡುಕಬೇಕು

ಲಿನಕ್ಸ್‌ನಲ್ಲಿ ಝೀರೋ ಕಾಪಿ ಸೆಂಡ್, ಅಂದರೆ ಡೇಟಾವನ್ನು ಕರ್ನಲ್‌ನ (ಸಿಸ್ಟಂನ ತಿರುಳಿನ) ಬಫರ್‌ಗೆ ಕಾಪಿ ಮಾಡದೆ ನೆಟ್‌ವರ್ಕ್‌ಗೆ ಕಳಿಸುವ ವಿಧಾನ, ಬಳಸುವವರಿಗೆ ಒಂದಲ್ಲ ಒಂದು ದಿನ ಈ ಎರರ್ ಎದುರಾಗುತ್ತದೆ. ಸೆಂಡ್ ಕರೆ ಮೈನಸ್ ಒಂದು ಕೊಟ್ಟು ವಾಪಸ್ ಬರುತ್ತದೆ. ಎರರ್ ನಂಬರ್ ಇರುವ ಎರ್‌ನೋ ನೋಡಿದರೆ 105, ಹೆಸರು ಎನೋಬಫ್ಸ್. ಬಫರ್‌ಗೆ ಜಾಗ ಇಲ್ಲ ಅಂತ ಅದರ ಅರ್ಥ. ಮೆಷಿನ್ ನೋಡಿದರೆ ಹತ್ತಾರು ಜಿಬಿ ಮೆಮೊರಿ ಖಾಲಿ ಇದೆ. ನೆಟ್‌ವರ್ಕ್ ಕಾರ್ಡ್ ಆರಾಮಾಗಿದೆ. ಹಾಗಾದರೆ ಯಾವ ಜಾಗ ಇಲ್ಲ?

ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಮೂರು ದಿನ ಹಿಡಿಯಿತು. ಹುಡುಕುತ್ತಾ ಹೋದಾಗ ಒಂದರ ಹಿಂದೆ ಒಂದು ಮೂರು ತಪ್ಪು ಸಿಕ್ಕವು. ಒಂದು ಲಿಮಿಟ್‌ನದು, ಉಳಿದೆರಡು ನಮ್ಮ ಕೋಡ್‌ನವು. ಕೊನೆಯದು ಎಲ್ಲಕ್ಕಿಂತ ಅಪಾಯದ್ದು, ಯಾಕೆಂದರೆ ಅದು ಯಾವ ಎರರನ್ನೂ ಕೊಡದೆ ತಪ್ಪು ಡೇಟಾ ಕಳಿಸುತ್ತಿತ್ತು. ಅದೇ ದಾರಿಯಲ್ಲಿ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ.

ನಮ್ಮದು ವಿಡಿಯೋ ತುಂಡುಗಳನ್ನು ಟಿಸಿಪಿ ಮೇಲೆ ಕಳಿಸುವ ಒಂದು ಸರ್ವರ್. ಒಂದು ಸೆಂಡ್‌ಗೆ 64 ಕೆಬಿ. ಕರ್ನಲ್ 5.10. ಡೆವಲಪ್‌ಮೆಂಟ್ ಮೆಷಿನ್‌ನಲ್ಲಿ ವಾರಗಟ್ಟಲೆ ಚೆನ್ನಾಗಿ ಓಡಿತು. ಸರ್ವಿಸ್ ಆಗಿ ಹಾಕಿದ ಕೂಡಲೇ ಮೊದಲ ಸೆಂಡ್‌ಗೇ 105. ಒಂದೂ ಹೋಗಲಿಲ್ಲ. ಲಿಮಿಟ್ ಏರಿಸಿ 8 ಎಂಬಿ ಮಾಡಿದೆವು. ಬೆಳಗ್ಗೆಯಿಂದ ಸರಿ ಇತ್ತು. ಸಂಜೆ ಏಳರ ಹೊತ್ತಿಗೆ ಜನ ಜಾಸ್ತಿಯಾದಾಗ ಮತ್ತೆ 105, ಜೊತೆಗೆ ಸಿಪಿಯು ನೂರಕ್ಕೆ ನೂರು. ಅದನ್ನೂ ಸರಿ ಮಾಡಿದ ಮೇಲೆ ಒಬ್ಬರು ನೋಡುತ್ತಿದ್ದ ವಿಡಿಯೋದೊಳಗೆ ಬೇರೆಯವರ ವಿಡಿಯೋದ ತುಂಡು ಬಂತು.

ಒಳಗೆ ಏನು ನಡೆಯುತ್ತದೆ

ಸಾಮಾನ್ಯ ಸೆಂಡ್‌ನಲ್ಲಿ ನಿಮ್ಮ ಬಫರ್‌ನಲ್ಲಿರುವುದನ್ನು ಕರ್ನಲ್ ತನ್ನ ಬಫರ್‌ಗೆ ಸುರಿದುಕೊಳ್ಳುತ್ತದೆ. ಸೆಂಡ್ ಮುಗಿಯಿತು ಅಂದರೆ ನಿಮ್ಮ ಪಾತ್ರೆ ನಿಮ್ಮದು. ಝೀರೋ ಕಾಪಿಯಲ್ಲಿ ಹಾಗಲ್ಲ. ನಿಮ್ಮ ಪಾತ್ರೆಯನ್ನೇ ಕರ್ನಲ್ ಎರವಲು ತೆಗೆದುಕೊಳ್ಳುತ್ತದೆ. ಸೆಂಡ್ ಕರೆ ವಾಪಸ್ ಬಂದರೂ ಪಾತ್ರೆ ವಾಪಸ್ ಬಂದಿಲ್ಲ. ಟಿಸಿಪಿಯಲ್ಲಿ ಆ ಕಡೆಯವರು ಡೇಟಾ ಸಿಕ್ಕಿತು ಅಂತ ಅಕ್ ಕಳಿಸುವ ತನಕ ಕರ್ನಲ್ ಅದನ್ನು ಬಿಡುವುದಿಲ್ಲ. ದಾರಿಯಲ್ಲಿ ಪ್ಯಾಕೆಟ್ ಕಳೆದುಹೋದರೆ ಅದೇ ಬಫರ್‌ನಿಂದ ಮತ್ತೆ ಕಳಿಸಬೇಕಲ್ಲ.

ಈ ಸೌಲಭ್ಯ ಟಿಸಿಪಿಗೆ ಬಂದದ್ದು 2017ರ ಕರ್ನಲ್ 4.14ರಲ್ಲಿ. ಯುಡಿಪಿಗೆ 2019ರ 5.0ರಲ್ಲಿ. ಬಳಸಲು ಎರಡು ಕೆಲಸ ಮಾಡಬೇಕು. ಮೊದಲು ಸಾಕೆಟ್ ಮೇಲೆ ಎಸ್‌ಓ ಝೀರೋಕಾಪಿ ಆಯ್ಕೆ ಹಾಕಬೇಕು, ಆಮೇಲೆ ಪ್ರತಿ ಸೆಂಡ್‌ನಲ್ಲಿ ಎಂಎಸ್‌ಜಿ ಝೀರೋಕಾಪಿ ಫ್ಲ್ಯಾಗ್ ಕೊಡಬೇಕು. ಆಯ್ಕೆ ಹಾಕದೆ ಬರೀ ಫ್ಲ್ಯಾಗ್ ಕೊಟ್ಟರೆ ಕರ್ನಲ್ ಅದನ್ನು ಕಂಡೂ ಕಾಣದ ಹಾಗೆ ಬಿಟ್ಟು, ಎಂದಿನಂತೆ ಕಾಪಿ ಮಾಡಿ ಕಳಿಸುತ್ತದೆ. ಎರರ್ ಬರುವುದಿಲ್ಲ, ಲಾಭವೂ ಇಲ್ಲ.

ಬಫರ್ ಬಿಡುಗಡೆಯಾದಾಗ ಸಾಕೆಟ್‌ನ ಎರರ್ ಕ್ಯೂನಲ್ಲಿ ಒಂದು ನೋಟಿಫಿಕೇಶನ್ ಬಂದು ಕೂರುತ್ತದೆ. ಅದನ್ನು ರಿಸೀವ್ ಮೆಸೇಜ್ ಕರೆಗೆ ಎರರ್ ಕ್ಯೂ ಫ್ಲ್ಯಾಗ್ ಕೊಟ್ಟು ಓದಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಗಂಟುಗಳೆಲ್ಲ ಇಲ್ಲೇ ಇವೆ.

105 ಕೊಡುವ ಎರಡು ಮಿತಿಗಳು

ಟಿಸಿಪಿ ಝೀರೋ ಕಾಪಿಯಲ್ಲಿ 105 ಬಂದರೆ ಎರಡರಲ್ಲಿ ಒಂದು ಮಿತಿ ಮುಗಿದಿದೆ.

ಒಂದು, ಲಾಕ್ ಆದ ಮೆಮೊರಿಯ ಮಿತಿ, ಅಂದರೆ ಯುಲಿಮಿಟ್‌ನ ಮೆಮ್‌ಲಾಕ್. ಎರವಲು ಕೊಟ್ಟ ಪೇಜ್‌ಗಳನ್ನು, ಅಂದರೆ ಮೆಮೊರಿಯ ಸಮಾನ ತುಂಡುಗಳನ್ನು, ಕರ್ನಲ್ ಇದರಲ್ಲಿ ಲೆಕ್ಕ ಹಾಕುತ್ತದೆ. ಇದು ಯೂಸರ್‌ಗೆ ಸೇರಿದ್ದು.

ಇನ್ನೊಂದು, ಆಪ್ಟ್‌ಮೆಮ್ ಮ್ಯಾಕ್ಸ್. ಪ್ರತಿ ಸೆಂಡ್‌ನ ನೋಟಿಫಿಕೇಶನ್‌ಗಾಗಿ ಕರ್ನಲ್ ಮೊದಲೇ ಕೆಲವು ನೂರು ಬೈಟ್ ತೆಗೆದಿಡುತ್ತದೆ. ಅದಕ್ಕೆ ಇರುವ ಮಿತಿ ಇದು. ಇದು ಒಂದೊಂದು ಸಾಕೆಟ್‌ಗೆ ಪ್ರತ್ಯೇಕ.

ಎರಡಕ್ಕೂ ಎರರ್ ನಂಬರ್ ಒಂದೇ. ಮದ್ದು ಮಾತ್ರ ಬೇರೆ ಬೇರೆ. ಯಾವುದು ಮುಗಿದಿದೆ ಅಂತ ನೋಡದೆ ಎರಡನ್ನೂ ಏರಿಸಿದರೆ ಆ ದಿನದ ಮಟ್ಟಿಗೆ ಸರಿ ಹೋಗಬಹುದು. ಆದರೆ ಕೋಡ್‌ನಲ್ಲಿ ಎರರ್ ಕ್ಯೂ ಓದುವುದನ್ನೇ ಮರೆತಿದ್ದರೆ ಆ ತಪ್ಪು ಒಳಗೇ ಉಳಿಯುತ್ತದೆ.

ಯುಡಿಪಿ ಬಳಸುವವರಿಗೆ ಒಂದು ಮಾತು. ಐಪಿ ರಿಸೀವ್ ಎರರ್ ಆಯ್ಕೆ ಹಾಕಿದ್ದರೆ, ನೆಟ್‌ವರ್ಕ್ ಕಾರ್ಡ್‌ನ ಕ್ಯೂ ತುಂಬಿ ಪ್ಯಾಕೆಟ್ ಬಿದ್ದಾಗಲೂ ಇದೇ 105 ಬರುತ್ತದೆ. ಅಲ್ಲಿ ಮೂರನೆಯ ಕಾರಣವನ್ನೂ ನೋಡಬೇಕು.

ಮೊದಲು ಮೆಮ್‌ಲಾಕ್ ನೋಡಿ

ಟರ್ಮಿನಲ್‌ನಲ್ಲಿ ಯುಲಿಮಿಟ್‌ಗೆ ಎಲ್ ಕೊಟ್ಟು ನೋಡುವುದು ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದೆ. ಅದು ನಿಮ್ಮ ಲಾಗಿನ್ ಶೆಲ್‌ನ ಮಿತಿ, ಸರ್ವಿಸ್‌ನ ಮಿತಿ ಅಲ್ಲ. ಪ್ರಾಕ್ ಫೋಲ್ಡರ್‌ನಲ್ಲಿ ನಿಮ್ಮ ಪ್ರೋಸೆಸ್ ನಂಬರಿನ ಒಳಗೆ ಲಿಮಿಟ್ಸ್ ಅಂತ ಫೈಲ್ ಇದೆ. ಅದರಲ್ಲಿ ಮ್ಯಾಕ್ಸ್ ಲಾಕ್ಡ್ ಮೆಮೊರಿ ಅನ್ನುವ ಸಾಲು ನೋಡಿ. ನಮ್ಮ ಸರ್ವಿಸ್‌ನಲ್ಲಿ ಅಲ್ಲಿ 65536 ಅಂತ ಇತ್ತು. ಅಂದರೆ 64 ಕೆಬಿ.

ಕರ್ನಲ್‌ನ ಡೀಫಾಲ್ಟ್ ಬಹಳ ವರ್ಷ ಇಷ್ಟೇ ಇತ್ತು. 2022ರ ಜನವರಿಯಲ್ಲಿ ಬಂದ 5.16ರಲ್ಲಿ ಅದನ್ನು 8 ಎಂಬಿಗೆ ಏರಿಸಿದರು. ನಿಮ್ಮ ಡಿಸ್ಟ್ರೋ ಅಥವಾ ಸರ್ವಿಸ್‌ಗಳನ್ನು ಓಡಿಸುವ ಸಿಸ್ಟಂಡಿ ಬೇರೆ ಬೆಲೆ ಇಟ್ಟಿರಬಹುದು. ಆದ್ದರಿಂದ ಕರ್ನಲ್ ನಂಬರ್ ನೋಡಿ ಊಹೆ ಮಾಡಬೇಡಿ, ಆ ಫೈಲನ್ನೇ ನೋಡಿ.

64 ಕೆಬಿ ಮಿತಿ, 64 ಕೆಬಿ ಸೆಂಡ್. ಒಂದಾದರೂ ಹೋಗಬೇಕಿತ್ತು ಅಲ್ವಾ? ಹೋಗುವುದಿಲ್ಲ. ಕರ್ನಲ್ ಹಾಕುವ ಲೆಕ್ಕ ಹೀಗಿದೆ. ಸೆಂಡ್‌ನ ಗಾತ್ರವನ್ನು ಪೇಜ್ ಗಾತ್ರದಿಂದ ಭಾಗಿಸಿ, ಅದಕ್ಕೆ 2 ಕೂಡಿಸುತ್ತದೆ. ಬಫರ್ ಪೇಜ್‌ನ ನಡುವೆ ಶುರುವಾಗಿ ನಡುವೆ ಮುಗಿಯಬಹುದು ಅಂತ ಆ ಎರಡು ಪೇಜ್ ಜಾಸ್ತಿ. 64 ಕೆಬಿ ಅಂದರೆ 4 ಕೆಬಿಯ 16 ಪೇಜ್. ಜೊತೆಗೆ 2. ಒಟ್ಟು 18. ಮಿತಿ 16. ಮೊದಲ ಸೆಂಡೇ ಬಾಗಿಲಲ್ಲಿ ನಿಲ್ಲುತ್ತದೆ. ಬಫರನ್ನು ಪೇಜ್‌ಗೆ ಸರಿಯಾಗಿ ಹೊಂದಿಸಿ ಕೊಟ್ಟರೂ ಆ 2 ಹೋಗುವುದಿಲ್ಲ.

16 ಕೆಬಿ ಕಳಿಸಿದ್ದರೆ ಒಂದಕ್ಕೆ 6 ಪೇಜ್. ಎರಡು ಹಿಡಿಸುತ್ತವೆ, ಮೂರನೆಯದಕ್ಕೆ 105. ಸಣ್ಣ ಗಾತ್ರದಲ್ಲಿ ಟೆಸ್ಟ್ ಮಾಡಿದವರಿಗೆ ದೋಷ ಆಗೊಮ್ಮೆ ಈಗೊಮ್ಮೆ ಬರುವಂತೆ ಕಾಣುವುದು ಇದಕ್ಕೇ. 64 ಕೆಬಿ ಪೇಜ್ ಇಟ್ಟಿರುವ ಆರ್ಮ್ ಕರ್ನಲ್‌ನಲ್ಲಿ ಇನ್ನೂ ಕಷ್ಟ. ಅಲ್ಲಿ 64 ಕೆಬಿ ಮಿತಿ ಅಂದರೆ ಒಂದೇ ಪೇಜ್. ಎಷ್ಟೇ ಚಿಕ್ಕ ಸೆಂಡ್ ಆದರೂ ಕನಿಷ್ಠ ಎರಡು ಪೇಜ್ ಕೇಳುತ್ತದೆ.

ಡೆವಲಪ್‌ಮೆಂಟ್ ಮೆಷಿನ್‌ನಲ್ಲಿ ಯಾಕೆ ಓಡಿತು? ಅಲ್ಲಿ ನಾವು ರೂಟ್ ಆಗಿ ಓಡಿಸಿದ್ದೆವು. ಐಪಿಸಿ ಲಾಕ್ ಅನ್ನುವ ಕೆಪಬಿಲಿಟಿ, ಅಂದರೆ ರೂಟ್‌ಗೆ ಇರುವಂಥ ವಿಶೇಷ ಅಧಿಕಾರ, ಇದ್ದವರಿಗೆ ಕರ್ನಲ್ ಈ ಲೆಕ್ಕವನ್ನೇ ಹಾಕುವುದಿಲ್ಲ. ಮಿತಿಯನ್ನು ಅನ್‌ಲಿಮಿಟೆಡ್ ಮಾಡಿದ್ದರೂ ಹಾಗೇ. ಝೀರೋ ಕಾಪಿ ಕೋಡನ್ನು ರೂಟ್ ಆಗಿ ಟೆಸ್ಟ್ ಮಾಡಬೇಡಿ ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ. ಡಾಕರ್ ಕಂಟೇನರ್ ಒಳಗಿನ ರೂಟ್‌ಗೆ ಮಾತ್ರ ಈ ಕೆಪಬಿಲಿಟಿ ತಾನಾಗಿ ಬರುವುದಿಲ್ಲ. ಯೂಸರ್ ನಂಬರ್‌ಗಳನ್ನು ಪ್ರತ್ಯೇಕವಾಗಿಡುವ ಯೂಸರ್ ನೇಮ್‌ಸ್ಪೇಸ್ ಒಳಗಿನ ರೂಟ್‌ಗೆ ಕೊಟ್ಟರೂ ಈ ಲೆಕ್ಕದಲ್ಲಿ ಅದು ನಡೆಯುವುದಿಲ್ಲ, ಏಕೆಂದರೆ ಕರ್ನಲ್ ಹೊರಗಿನ ಮೂಲ ನೇಮ್‌ಸ್ಪೇಸ್‌ನ ಕೆಪಬಿಲಿಟಿಯನ್ನೇ ಕೇಳುತ್ತದೆ.

ಮಿತಿ ಎಲ್ಲಿ ಬದಲಿಸಬೇಕು ಅನ್ನುವುದರಲ್ಲೂ ಒಂದು ಎಡವಟ್ಟಿದೆ. ಲಿಮಿಟ್ಸ್ ಕಾನ್ಫ್ ಫೈಲ್‌ನಲ್ಲಿ ಬರೆದದ್ದು ಪ್ಯಾಮ್ ಮೂಲಕ ಲಾಗಿನ್ ಆಗುವವರಿಗೆ. ಸಿಸ್ಟಂಡಿ ಸರ್ವಿಸ್ ಅದನ್ನು ಓದುವುದಿಲ್ಲ. ಸರ್ವಿಸ್‌ನ ಯೂನಿಟ್ ಫೈಲ್‌ನಲ್ಲಿ ಲಿಮಿಟ್ ಮೆಮ್‌ಲಾಕ್ ಅನ್ನುವ ಸಾಲು ಹಾಕಿ, ಡೀಮನ್ ರೀಲೋಡ್ ಮಾಡಿ, ಸರ್ವಿಸ್ ರೀಸ್ಟಾರ್ಟ್ ಮಾಡಬೇಕು. ಡಾಕರ್‌ನಲ್ಲಿ ಯುಲಿಮಿಟ್ ಆಯ್ಕೆಗೆ ಮೆಮ್‌ಲಾಕ್ ಕೊಡಬೇಕು. ಬದಲಿಸಿದ ಮೇಲೆ ಮತ್ತೆ ಅದೇ ಲಿಮಿಟ್ಸ್ ಫೈಲ್ ತೆರೆದು ನೋಡಿ. ಬದಲಾಯಿತು ಅಂದುಕೊಂಡು ಮುಂದೆ ಹೋಗಬೇಡಿ.

ಒಂದೇ ರೇಷನ್ ಕಾರ್ಡ್

8 ಎಂಬಿ ಮಾಡಿದ ಮೇಲೂ ಸಂಜೆ ಯಾಕೆ ಬಿತ್ತು? 8 ಎಂಬಿ ಅಂದರೆ 2048 ಪೇಜ್. ಒಂದು ಸೆಂಡ್‌ಗೆ 18ರಂತೆ ಒಂದೇ ಹೊತ್ತಿಗೆ 113 ಸೆಂಡ್ ಬಾಕಿ ಇರಬಹುದು. ಇದು ಒಂದು ಸಾಕೆಟ್‌ಗಲ್ಲ. ಒಂದು ಪ್ರೋಸೆಸ್‌ಗೂ ಅಲ್ಲ. ಆ ಯೂಸರ್‌ನ ಎಲ್ಲ ಪ್ರೋಸೆಸ್‌ಗೂ ಸೇರಿಸಿ.

ಇಲ್ಲೇ ಬಹಳ ಜನ ದಾರಿ ತಪ್ಪುತ್ತಾರೆ. ಮಿತಿಯ ಅಂಕಿ ಪ್ರೋಸೆಸ್‌ನಲ್ಲಿ ಬರೆದಿರುತ್ತದೆ. ಆದರೆ ಎಷ್ಟು ಖರ್ಚಾಗಿದೆ ಅನ್ನುವ ಲೆಕ್ಕ ಯೂಸರ್ ಹೆಸರಿನಲ್ಲಿ ಇರುತ್ತದೆ. ಮನೆಯಲ್ಲಿ ಹತ್ತು ಜನ ಇದ್ದರೂ ರೇಷನ್ ಕಾರ್ಡ್ ಒಂದೇ. ಯಾರು ಹೋಗಿ ತಂದರೂ ಅದೇ ಕಾರ್ಡ್‌ನಲ್ಲಿ ಬರೆಯುತ್ತಾರೆ. ನಮ್ಮ ಸರ್ವರ್ ಜೊತೆ ಅದೇ ಯೂಸರ್ ಹೆಸರಿನಲ್ಲಿ ಇನ್ನೊಂದು ಕೆಲಸದ ಪ್ರೋಸೆಸ್ ಓಡುತ್ತಿತ್ತು. ಅದು ಲಿನಕ್ಸ್‌ನ ಇನ್ನೊಂದು ಐಓ ಸೌಲಭ್ಯವಾದ ಐಓ ಯುರಿಂಗ್‌ನಲ್ಲಿ 4 ಎಂಬಿ ಬಫರನ್ನು ರಿಜಿಸ್ಟರ್ ಮಾಡಿ ಇಟ್ಟುಕೊಂಡಿತ್ತು. ಆ ಬಫರ್‌ಗಳ ಪೇಜ್‌ಗಳೂ ಇದೇ ಲೆಕ್ಕಕ್ಕೆ ಬರುತ್ತವೆ. 1024 ಪೇಜ್ ಅಲ್ಲಿಗೇ ಹೋಯಿತು. ಉಳಿದದ್ದರಲ್ಲಿ 56 ಸೆಂಡ್ ಮಾತ್ರ. ಬೆಳಗಿನ ಜನಕ್ಕೆ ಸಾಕಾಯಿತು, ಸಂಜೆಯ ಜನಕ್ಕೆ ಸಾಲಲಿಲ್ಲ.

ಯೂಸರ್ ನೇಮ್‌ಸ್ಪೇಸ್ ಇಲ್ಲದ ಕಂಟೇನರ್‌ಗಳಲ್ಲೂ ಇದೇ ಕಥೆ. ಹತ್ತು ಕಂಟೇನರ್‌ಗಳಲ್ಲಿ ಒಂದೇ ಯೂಸರ್ ನಂಬರ್ ಇದ್ದರೆ ಹತ್ತೂ ಒಂದೇ ಕಾರ್ಡ್‌ನಿಂದ ತಿನ್ನುತ್ತವೆ. ಪಕ್ಕದ ಕಂಟೇನರ್‌ನಲ್ಲಿ ಲೋಡ್ ಏರಿದಾಗ ನಿಮ್ಮದರಲ್ಲಿ 105 ಬರಬಹುದು.

ಎಷ್ಟು ಖರ್ಚಾಗಿದೆ ಅಂತ ನೋಡಲು ಪ್ರಾಕ್‌ನ ಸ್ಟೇಟಸ್ ಫೈಲ್ ತೆರೆದರೆ ವಿಎಂ ಲಾಕ್, ವಿಎಂ ಪಿನ್ ಅನ್ನುವ ಸಾಲುಗಳಿವೆ. ಅವೆರಡರಲ್ಲೂ ಝೀರೋ ಕಾಪಿಯ ಪೇಜ್‌ಗಳು ಕಾಣುವುದಿಲ್ಲ. ಎರಡೂ ಸೊನ್ನೆ ತೋರಿಸುತ್ತಿರುವಾಗಲೇ ನಿಮ್ಮ ಮಿತಿ ಪೂರ್ತಿ ಮುಗಿದಿರಬಹುದು. ಆ ಸೊನ್ನೆ ನೋಡಿ ನಾನು ಒಂದು ಇಡೀ ದಿನ ಮೆಮ್‌ಲಾಕ್ ಅಲ್ಲ ಅಂತ ಬೇರೆ ಕಡೆ ಹುಡುಕಿದೆ.

ನಂಬಬಹುದಾದ ಪರೀಕ್ಷೆ ಎರಡಿವೆ. ಸುಲಭದ್ದು ಪಿಆರ್‌ಲಿಮಿಟ್ ಕಮಾಂಡ್. ಓಡುತ್ತಿರುವ ಪ್ರೋಸೆಸ್‌ನ ಮೆಮ್‌ಲಾಕನ್ನು ರೂಟ್ ಆಗಿ ಅದರಿಂದ ಅನ್‌ಲಿಮಿಟೆಡ್ ಮಾಡಿ. ರೀಸ್ಟಾರ್ಟ್ ಬೇಕಿಲ್ಲ, ಕರ್ನಲ್ ಪ್ರತಿ ಸೆಂಡ್‌ನಲ್ಲೂ ಮಿತಿಯನ್ನು ಹೊಸದಾಗಿ ನೋಡುತ್ತದೆ. ಆ ಕ್ಷಣದಿಂದ 105 ನಿಂತರೆ ಕಾರಣ ಮೆಮ್‌ಲಾಕ್. ನಿಲ್ಲದಿದ್ದರೆ ಆಪ್ಟ್‌ಮೆಮ್. ಇನ್ನೊಂದು ದಾರಿ ಬಿಪಿಎಫ್ ಟ್ರೇಸ್, ಓಡುತ್ತಿರುವ ಕರ್ನಲ್‌ನೊಳಗೆ ಇಣುಕುವ ಉಪಕರಣ. ಕರ್ನಲ್ ಒಳಗೆ ಎಂಎಂ ಅಕೌಂಟ್ ಪಿನ್ಡ್ ಪೇಜಸ್ ಅನ್ನುವ ಫಂಕ್ಷನ್ ಇದೆ. ಅದು ವಾಪಸ್ ಕೊಡುವ ಬೆಲೆಯನ್ನು ಹಿಡಿದು ನೋಡಿ. ಮೈನಸ್ 105 ಬಂದರೆ ಅಲ್ಲೇ ಸಿಕ್ಕಿತು. ಪ್ರೊಡಕ್ಷನ್‌ನಲ್ಲಿ ಮಿತಿ ಮುಟ್ಟಲು ಬಿಡದವರಿದ್ದರೆ ಇದು ಒಳ್ಳೆಯದು, ಏನನ್ನೂ ಬದಲಿಸುವುದಿಲ್ಲ.

ಎಷ್ಟು ಇಡಬೇಕು? ಅದೇ ಲೆಕ್ಕ ಹಾಕಿ. 500 ಕನೆಕ್ಷನ್, ಒಂದೊಂದರಲ್ಲಿ ಎರಡು ಸೆಂಡ್ ಬಾಕಿ, ಒಂದಕ್ಕೆ 18 ಪೇಜ್. ಒಟ್ಟು 18,000 ಪೇಜ್, ಸುಮಾರು 70 ಎಂಬಿ. ಅದೇ ಯೂಸರ್‌ನ ಬೇರೆಯವರ ಪಾಲನ್ನೂ ಸೇರಿಸಿ 128 ಎಂಬಿ ಇಟ್ಟೆವು. ಸುಮ್ನೆ ಅನ್‌ಲಿಮಿಟೆಡ್ ಮಾಡಿ ಬಿಟ್ಟುಬಿಡಬೇಡಿ. ಹೀಗೆ ಹಿಡಿದಿಟ್ಟ ಪೇಜ್‌ಗಳನ್ನು ಕರ್ನಲ್ ಸ್ವಾಪ್‌ಗೆ ಹಾಕಲಾರದು, ಮೆಮೊರಿ ಜೋಡಿಸುವಾಗ ಬೇರೆ ಜಾಗಕ್ಕೆ ಸರಿಸಲೂ ಆಗದು. ಮಿತಿ ಇರುವುದಕ್ಕೆ ಕಾರಣ ಇದೆ.

ಆಪ್ಟ್‌ಮೆಮ್ ಆಗಿದ್ದರೆ

ಇದನ್ನು ಕಣ್ಣಾರೆ ನೋಡಬಹುದು. ಎಸ್‌ಎಸ್ ಕಮಾಂಡ್‌ಗೆ ಟಿ ಮತ್ತು ಎಂ ಕೊಟ್ಟು ಓಡಿಸಿ. ಪ್ರತಿ ಸಾಕೆಟ್ ಕೆಳಗೆ ಎಸ್‌ಕೆ ಮೆಮ್ ಅಂತ ಒಂದು ಸಾಲು ಬರುತ್ತದೆ. ಅದರಲ್ಲಿ ಅಲ್ಪವಿರಾಮದ ನಡುವೆ ಚಿಕ್ಕ ಅಕ್ಷರಗಳ ಮುಂದೆ ಅಂಕಿಗಳಿರುತ್ತವೆ. ಆರ್, ಟಿ, ಎಫ್, ಡಬ್ಲ್ಯೂ ಎಲ್ಲ ದಾಟಿ ಇಂಗ್ಲಿಷಿನ ಓ ಅಕ್ಷರದ ಮುಂದಿರುವುದನ್ನು ನೋಡಿ. ಅದೇ ಆ ಸಾಕೆಟ್ ಈಗ ಬಳಸುತ್ತಿರುವ ಆಪ್ಟ್‌ಮೆಮ್. ಸಾಮಾನ್ಯ ಸಾಕೆಟ್‌ನಲ್ಲಿ ಅದು ಸೊನ್ನೆ. ಝೀರೋ ಕಾಪಿ ಸಾಕೆಟ್‌ನಲ್ಲಿ ಏರುತ್ತಾ ಇಳಿಯುತ್ತಾ ಇರಬೇಕು. ಏರಿ ಏರಿ ಮಿತಿಯ ಹತ್ತಿರ ಹೋಗಿ ಅಲ್ಲೇ ಕೂತಿದ್ದರೆ ದೋಷ ಸಿಕ್ಕಿತು.

ಮಿತಿ ಎಷ್ಟು ಅಂತ ಸಿಸ್‌ಕಂಟ್ರೋಲ್‌ನಲ್ಲಿ ನೆಟ್ ಕೋರ್ ಆಪ್ಟ್‌ಮೆಮ್ ಮ್ಯಾಕ್ಸ್ ಕೇಳಿದರೆ ಗೊತ್ತಾಗುತ್ತದೆ. 64 ಬಿಟ್ ಕರ್ನಲ್‌ಗಳಲ್ಲಿ ಇದು ಬಹಳ ಕಾಲ 20480 ಬೈಟ್ ಇತ್ತು. 2024ರ 6.8ರಲ್ಲಿ 128 ಕೆಬಿ ಮಾಡಿದರು, ಝೀರೋ ಕಾಪಿಗೆ ಹಳೆಯದು ಸಾಲದು ಅನ್ನುವ ಕಾರಣಕ್ಕೇ. ಗೂಗಲ್‌ನ ಒಳಗೆ ಏಳು ವರ್ಷದಿಂದ 128 ಕೆಬಿಯನ್ನೇ ತೊಂದರೆ ಇಲ್ಲದೆ ಬಳಸುತ್ತಿದ್ದೇವೆ ಅಂತ ಆ ಬದಲಾವಣೆಯ ಜೊತೆ ಬರೆದಿದ್ದರು. ಹಳೆಯ ಕರ್ನಲ್‌ನಲ್ಲಿ ನೀವೂ 131072 ಇಟ್ಟುಕೊಳ್ಳಬಹುದು.

ಆದರೆ ಏರಿಸುವ ಮೊದಲು ಇದನ್ನು ಕೇಳಿಕೊಳ್ಳಿ: ನಮ್ಮ ಕೋಡ್ ಎರರ್ ಕ್ಯೂ ಓದುತ್ತಿದೆಯಾ? ಎರಡು ಮಿತಿಗಳ ನಡುವೆ ಇಲ್ಲೊಂದು ಮುಖ್ಯ ವ್ಯತ್ಯಾಸ ಇದೆ. ಮೆಮ್‌ಲಾಕ್ ಲೆಕ್ಕ ಡೇಟಾ ಬಿಡುಗಡೆಯಾದ ಕೂಡಲೇ ಇಳಿಯುತ್ತದೆ, ನೀವು ನೋಟಿಫಿಕೇಶನ್ ಓದಿದರೂ ಓದದಿದ್ದರೂ. ಆಪ್ಟ್‌ಮೆಮ್ ಹಾಗಲ್ಲ. ನೋಟಿಫಿಕೇಶನ್ ಎರರ್ ಕ್ಯೂನಲ್ಲಿ ಇರುವ ತನಕ ಅದರ ಜಾಗ ಸಾಕೆಟ್‌ನ ಖಾತೆಯಲ್ಲೇ ಇರುತ್ತದೆ. ನಂಬರ್ ಸಾಲಾಗಿ ಬಂದರೆ ಕರ್ನಲ್ ಅವನ್ನು ಕೂಡಿಸಿ ಒಂದೇ ಮಾಡುತ್ತದೆ, ಹಾಗಾಗಿ ಓದದ ಕೋಡ್ ಕೂಡ ಕೆಲವು ದಿನ ತಳ್ಳಿಕೊಂಡು ಹೋಗುತ್ತದೆ. ಆ ಕಡೆ ಟ್ರಾಫಿಕ್ ಇಲ್ಲ, ಎಲ್ಲ ಅಕ್ ಬಂದಿದೆ, ಆದರೂ ಓ ಮುಂದಿನ ಅಂಕಿ ಸೊನ್ನೆಗೆ ಇಳಿದಿಲ್ಲ ಅಂದರೆ ಓದದೆ ಬಿಟ್ಟ ನೋಟಿಫಿಕೇಶನ್ ಇದೆ ಅಂತಲೇ ಅರ್ಥ.

105 ಅನ್ನು 11ರ ಹಾಗೆ ನೋಡಬಾರದು

ಸಂಜೆ ಸಿಪಿಯು ನೂರಕ್ಕೇರಿದ್ದು ನಮ್ಮ ತಪ್ಪಿನಿಂದ. ಕೋಡ್‌ನಲ್ಲಿ 105 ಬಂದರೆ ಇಎಗೇನ್ ಬಂದಂತೆ ನೋಡಿಕೊಂಡಿದ್ದೆವು. ಇಎಗೇನ್, ಅಂದರೆ 11, ಬರುವುದು ಸೆಂಡ್ ಬಫರ್ ತುಂಬಿದಾಗ. ಆಗ ಸಾಕೆಟ್‌ಗಳ ಮೇಲೆ ಕಣ್ಣಿಡುವ ಇಪೋಲ್‌ಗೆ ಹೋಗಿ ಸಾಕೆಟ್ ಬರೆಯಲು ಸಿದ್ಧವಾಗುವ ತನಕ ಕಾಯಬೇಕು. 105 ಬಂದಾಗ ಸೆಂಡ್ ಬಫರ್‌ನಲ್ಲಿ ಜಾಗ ಇದ್ದೇ ಇದೆ. ಇಪೋಲ್ ಕೇಳಿದ ತಕ್ಷಣ 'ಬರೆಯಬಹುದು' ಅನ್ನುತ್ತದೆ. ಕೋಡ್ ಬರೆಯಲು ಹೋಗುತ್ತದೆ, 105. ಮತ್ತೆ ಇಪೋಲ್, ಮತ್ತೆ 105. ಸಿಸ್ಟಂ ಕರೆಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿದಾಗ ಪರದೆ ತುಂಬಾ ಈ ಎರಡೇ ಸಾಲು ಓಡುತ್ತಿದ್ದವು. ನಡುವೆ ಎರರ್ ಕ್ಯೂ ಓದುವ ಒಂದು ಕರೆಯೂ ಇರಲಿಲ್ಲ.

ಸರಿಯಾದ ಕ್ರಮ ಹೀಗೆ. 105 ಬಂದರೆ ಮೊದಲು ಆ ಸಾಕೆಟ್‌ನ ಎರರ್ ಕ್ಯೂವನ್ನು 11 ಬರುವ ತನಕ ಪೂರ್ತಿ ಓದಿ. ಎರರ್ ಕ್ಯೂ ಓದುವ ಕರೆ ಎಂದೂ ಕಾಯುತ್ತಾ ಕೂರುವುದಿಲ್ಲ, ಖಾಲಿಯಾದರೆ ಕೂಡಲೇ 11 ಕೊಡುತ್ತದೆ. ಏನಾದರೂ ಬಿಡುಗಡೆಯಾಗಿದ್ದರೆ ಒಂದು ಸಲ ಮತ್ತೆ ಪ್ರಯತ್ನಿಸಿ. ಆಗಲೂ 105 ಬಂದರೆ ಅದೇ ಬೈಟ್‌ಗಳನ್ನು ಫ್ಲ್ಯಾಗ್ ಇಲ್ಲದೆ ಕಳಿಸಿ. ಅಷ್ಟೇ. ಟಿಸಿಪಿಯಲ್ಲಿ ಈ 105 ಬರುವುದು ಡೇಟಾ ಕ್ಯೂಗೆ ಸೇರುವ ಮೊದಲೇ, ಆದ್ದರಿಂದ ಎರಡು ಸಲ ಹೋಗುವ ಭಯ ಇಲ್ಲ. ಒಂದೇ ಸಾಕೆಟ್‌ನಲ್ಲಿ ಕೆಲವು ಸೆಂಡ್ ಝೀರೋ ಕಾಪಿ, ಕೆಲವು ಸಾಮಾನ್ಯ ಇರಬಹುದು. ಬೈಟ್‌ಗಳ ಕ್ರಮ ಕೆಡುವುದಿಲ್ಲ. ಹೀಗೆ ಎಷ್ಟು ಸಲ ಕಾಪಿಗೆ ಇಳಿದೆವು ಅಂತ ಒಂದು ಕೌಂಟರ್ ಇಡಿ.

ಕಾಯುತ್ತಾ ಕೂರುವುದಕ್ಕಿಂತ ಕಾಪಿ ಮಾಡುವುದೇ ಯಾಕೆ ಮೇಲು? ಮಿತಿಯನ್ನು ತಿಂದವರು ಬೇರೆ ಪ್ರೋಸೆಸ್‌ನವರಾಗಿದ್ದರೆ ನಿಮ್ಮ ಸಾಕೆಟ್‌ಗೆ ಯಾವ ನೋಟಿಫಿಕೇಶನ್ನೂ ಬರುವುದಿಲ್ಲ. ಬಾರದ ಬಸ್ಸಿಗೆ ಕಾದ ಹಾಗಾಗುತ್ತದೆ.

ಇಪೋಲ್ ಎರರ್ ಕಂಡರೆ ಕನೆಕ್ಷನ್ ಮುಚ್ಚಬೇಡಿ

ಹಳೆಯ ಈವೆಂಟ್ ಲೂಪ್‌ಗಳಲ್ಲಿ ಇಪೋಲ್ ಎರರ್ ಬಂದರೆ ಕನೆಕ್ಷನ್ ಹೋಯಿತು ಅಂತ ಮುಚ್ಚಿಬಿಡುತ್ತಾರೆ. ಝೀರೋ ಕಾಪಿಯಲ್ಲಿ ನೋಟಿಫಿಕೇಶನ್ ಬಂದಾಗಲೆಲ್ಲ ಇಪೋಲ್ ಎರರ್ ಬರುತ್ತದೆ. ನೀವು ಕೇಳದಿದ್ದರೂ ಬರುತ್ತದೆ. ಹಾಗೆ ಮುಚ್ಚಿದರೆ ಮೊದಲ ಸೆಂಡ್ ಯಶಸ್ವಿಯಾದ ಕೂಡಲೇ ಕನೆಕ್ಷನ್ ಸತ್ತುಹೋಗುತ್ತದೆ. ಸರಿಯಾಗಿ ಹೋಗಿದ್ದಕ್ಕೇ ಶಿಕ್ಷೆ! ಮೊದಲು ಎರರ್ ಕ್ಯೂ ಓದಿ, ಆಮೇಲೆ ಎಸ್‌ಓ ಎರರ್ ಆಯ್ಕೆ ಕೇಳಿ. ಅಲ್ಲಿ ಸೊನ್ನೆ ಬಂದರೆ ಕನೆಕ್ಷನ್ ಚೆನ್ನಾಗಿದೆ. ಓದದೆ ಬಿಟ್ಟರೆ ಲೆವೆಲ್ ಟ್ರಿಗರ್ ಇಪೋಲ್ ಎಬ್ಬಿಸುತ್ತಲೇ ಇರುತ್ತದೆ.

ಓದಿದ ಸಂದೇಶದಲ್ಲಿ ಮೂಲ ಯಾವುದು ಅಂತ ನೋಡಿ. ಝೀರೋ ಕಾಪಿಯ ಮೂಲಸಂಖ್ಯೆ 5, ಎರರ್ ನಂಬರ್ 0. ಟೈಮ್‌ಸ್ಟ್ಯಾಂಪ್‌ಗಳೂ ಐಸಿಎಂಪಿ ಎರರ್‌ಗಳೂ ಇದೇ ಕ್ಯೂಗೆ ಬರಬಹುದು. ಇನ್ನೊಂದು ವಿಷಯ: ಐಪಿವಿ6 ಸಾಕೆಟ್‌ನಲ್ಲಿ ಸಂದೇಶ ಐಪಿವಿ6 ಲೆವೆಲ್‌ನಲ್ಲಿ ಬರುತ್ತದೆ, ಐಪಿವಿ4 ಲೆವೆಲ್‌ನಲ್ಲಿ ಅಲ್ಲ. ಆ ಕಡೆಯ ಕ್ಲೈಂಟ್ ಐಪಿವಿ4 ಆಗಿದ್ದರೂ ಹಾಗೇ. ಬರೀ ಒಂದನ್ನೇ ಹುಡುಕುವ ಕೋಡ್ ನೋಟಿಫಿಕೇಶನ್ ಓದಿ ಎಸೆದುಬಿಡುತ್ತದೆ, ಬಫರ್‌ಗಳು ಎಂದೂ ಬಿಡುಗಡೆಯಾಗುವುದಿಲ್ಲ.

ಎಣಿಕೆ ಒಂದು ತಪ್ಪಿದರೆ

ಈಗ ಆ ಅಪಾಯದ ತಪ್ಪಿಗೆ ಬರುತ್ತೇನೆ. ನೋಟಿಫಿಕೇಶನ್‌ನಲ್ಲಿ ಬಫರ್‌ನ ವಿಳಾಸ ಇರುವುದಿಲ್ಲ. ಇಂತಿಷ್ಟರಿಂದ ಇಂತಿಷ್ಟರ ತನಕದ ಸೆಂಡ್‌ಗಳು ಮುಗಿದವು ಅಂತ ಎರಡು ನಂಬರ್ ಮಾತ್ರ. ಎರಡೂ ತುದಿ ಸೇರಿ. ಪ್ರತಿ ಸಾಕೆಟ್‌ಗೆ 0ಯಿಂದ ಶುರುವಾಗುವ 32 ಬಿಟ್ ಕೌಂಟರ್ ಅದು. ಯಾವ ನಂಬರ್ ಯಾವ ಬಫರ್ ಅಂತ ನೀವೇ ಎಣಿಸಿ ಇಟ್ಟುಕೊಳ್ಳಬೇಕು.

ನಾವು ಸೆಂಡ್ ಕರೆಯುವ ಮೊದಲೇ ನಮ್ಮ ಎಣಿಕೆಯನ್ನು ಒಂದು ಏರಿಸುತ್ತಿದ್ದೆವು. ಎಲ್ಲ ಸೆಂಡ್ ಯಶಸ್ವಿಯಾಗುವ ತನಕ ಅದು ಸರಿಯೇ. ಆದರೆ 105 ಬಂದಾಗ ಕರ್ನಲ್ ತನ್ನ ಕೌಂಟರನ್ನು ಏರಿಸುವುದಿಲ್ಲ. ಒಂದೇ ಒಂದು 105, ಅಲ್ಲಿಂದ ಮುಂದೆ ನಮ್ಮ ಎಣಿಕೆ ಒಂದು ಮುಂದೆ. ಉದಾಹರಣೆ ನೋಡಿ. 0, 1, 2 ಹೋದವು. ನಾವು 3 ಅಂದುಕೊಂಡದ್ದಕ್ಕೆ 105 ಬಂತು, ಅದನ್ನು ಕಾಪಿ ಮಾಡಿ ಕಳಿಸಿದೆವು. ಮುಂದಿನ ಸೆಂಡ್ ನಮಗೆ 4, ಕರ್ನಲ್‌ಗೆ 3. ಆಮೇಲಿನದು ನಮಗೆ 5, ಕರ್ನಲ್‌ಗೆ 4. ಕರ್ನಲ್ '4 ಮುಗಿಯಿತು' ಅಂದರೆ ನಾವು ನಮ್ಮ ಪಟ್ಟಿಯ 4ನ್ನು ಬಿಟ್ಟುಬಿಡುತ್ತೇವೆ. ಅದು ಕರ್ನಲ್‌ನ 3, ಸಾಮಾನ್ಯವಾಗಿ ಅಷ್ಟರಲ್ಲಿ ಮುಗಿದೇ ಇರುತ್ತದೆ, ಹಾಗಾಗಿ ಒಂದು ಸೆಂಡ್ ತಡವಾಗಿ ಬಿಟ್ಟಂತೆ ಅಷ್ಟೇ. ನಿಜವಾದ ಅಪಾಯ ಇದ್ದದ್ದು ನಮ್ಮ ಕೋಡ್‌ನ ಇನ್ನೊಂದು ಕಡೆ. 105 ಬಂದಾಗ ಎಣಿಕೆಯನ್ನು ಒಂದು ಸಲ ಇಳಿಸಿ ಸರಿ ಮಾಡಬೇಕಿತ್ತು, ಅಲ್ಲಿ ಎರಡು ಸಲ ಇಳಿಸುತ್ತಿದ್ದೆವು. ಆಗ ನಮ್ಮ ಎಣಿಕೆ ಕರ್ನಲ್‌ಗಿಂತ ಒಂದು ಹಿಂದೆ ಬಿತ್ತು. ಕರ್ನಲ್ ಹಳೆಯದನ್ನು ಮುಗಿಸಿದಾಗ ನಾವು ಇನ್ನೂ ದಾರಿಯಲ್ಲಿದ್ದ ಬಫರನ್ನು ಬಿಟ್ಟು, ಅದರಲ್ಲಿ ಬೇರೊಂದು ವಿಡಿಯೋ ತುಂಬಿದೆವು. ಬಫರ್ ಇನ್ನೂ ಹೊರಗೆ ಹೋಗಿರಲಿಲ್ಲ. ಹೋದದ್ದು ಹೊಸ ಡೇಟಾ. ಚೆಕ್‌ಸಮ್ ಕೂಡ ಸರಿಯಾಗಿತ್ತು, ಯಾಕೆಂದರೆ ಅದನ್ನು ಹಾಕುವುದು ಕಾರ್ಡ್, ಹೊರಡುವ ಹೊತ್ತಿನಲ್ಲಿ.

ಆದ್ದರಿಂದ ನಂಬರ್ ಕೊಡುವುದು ಸೆಂಡ್ ವಾಪಸ್ ಬಂದ ಮೇಲೆ, ಅದು ಸೊನ್ನೆಗಿಂತ ಜಾಸ್ತಿ ಬೈಟ್ ಕೊಟ್ಟಿದ್ದರೆ ಮಾತ್ರ, ಫ್ಲ್ಯಾಗ್ ಇದ್ದ ಸೆಂಡ್‌ಗೆ ಮಾತ್ರ. ಕೇಳಿದ್ದಕ್ಕಿಂತ ಕಡಿಮೆ ಬೈಟ್ ಹೋದರೂ ಅದಕ್ಕೊಂದು ನಂಬರ್, ಉಳಿದದ್ದನ್ನು ಕಳಿಸುವ ಕರೆಗೆ ಇನ್ನೊಂದು. ಹಾಗಾಗಿ ಒಂದು ಬಫರ್‌ಗೆ ಎರಡು ಮೂರು ನಂಬರ್ ಇರಬಹುದು, ಎಲ್ಲ ಬಂದ ಮೇಲೆಯೇ ಬಿಡಿ. ಬೇರೆ ಥ್ರೆಡ್ ಎರರ್ ಕ್ಯೂ ಓದುತ್ತಿದ್ದರೆ, ನೀವು ನಂಬರ್ ಬರೆದುಕೊಳ್ಳುವ ಮೊದಲೇ ನೋಟಿಫಿಕೇಶನ್ ಬರಬಹುದು, ಒಂದು ಲಾಕ್ ಬೇಕು. ಟಿಸಿಪಿಯಲ್ಲಿ ಸಾಮಾನ್ಯವಾಗಿ ನೋಟಿಫಿಕೇಶನ್‌ಗಳು ಕ್ರಮವಾಗಿ ಬರುತ್ತವೆ, ಆದರೆ ಮರುಕಳಿಸಿದಾಗ ಮತ್ತು ಸಾಕೆಟ್ ಮುಚ್ಚುವಾಗ ಕ್ರಮ ತಪ್ಪಬಹುದು.

ನಿಧಾನದ ಕ್ಲೈಂಟ್

ಎಲ್ಲ ಸರಿ ಮಾಡಿದ ಮೇಲೂ ಕೆಲವೊಮ್ಮೆ ಮಿತಿ ಮುಗಿಯುತ್ತದೆ. ಬಸ್ಸಿನಲ್ಲಿ ಹೋಗುತ್ತಾ ವಿಡಿಯೋ ನೋಡುವವರ ಸಿಗ್ನಲ್ ಘಟ್ಟದಲ್ಲಿ ಹೋಯಿತು ಅಂದುಕೊಳ್ಳಿ. ಅಕ್ ಬರುವುದಿಲ್ಲ. ಡೀಫಾಲ್ಟ್‌ನಲ್ಲಿ ಟಿಸಿಪಿ ಕಾಲು ಗಂಟೆಯಷ್ಟು ಹೊತ್ತು ಮತ್ತೆ ಮತ್ತೆ ಕಳಿಸಿ ನೋಡುತ್ತದೆ. ಅಷ್ಟೂ ಹೊತ್ತು ಅವರ ಪೇಜ್‌ಗಳು ನಿಮ್ಮ ರೇಷನ್ ಕಾರ್ಡ್‌ನಲ್ಲೇ. ನಾವು ಟಿಸಿಪಿ ಯೂಸರ್ ಟೈಮ್‌ಔಟ್ ಆಯ್ಕೆಯನ್ನು 30 ಸೆಕೆಂಡ್‌ಗೆ ಇಟ್ಟೆವು. ಜೊತೆಗೆ ಒಂದು ಸಾಕೆಟ್‌ನಲ್ಲಿ ಎರಡು ಝೀರೋ ಕಾಪಿ ಸೆಂಡ್ ಬಾಕಿ ಇದ್ದರೆ ಮುಂದಿನದನ್ನು ಕಾಪಿ ಮಾಡಿ ಕಳಿಸುತ್ತೇವೆ.

ಪರೀಕ್ಷೆಯೇ ದಾರಿ ತಪ್ಪಿಸಬಹುದು

ಲೋಕಲ್‌ಹೋಸ್ಟ್‌ನಲ್ಲಿ ಝೀರೋ ಕಾಪಿ ನಿಜವಾಗಿ ನಡೆಯುವುದಿಲ್ಲ. ಅದೇ ಮೆಷಿನ್‌ನ ಸಾಕೆಟ್‌ಗೆ ಹೋಗುವ ಡೇಟಾವನ್ನು ಕರ್ನಲ್ ಕೊನೆಗೆ ಕಾಪಿ ಮಾಡಿಯೇ ಕೊಡುತ್ತದೆ. ಆಗ ಪೇಜ್‌ಗಳು ಬೇಗ ಬಿಡುಗಡೆಯಾಗುವುದರಿಂದ 105 ಕೂಡ ಕಾಣದಿರಬಹುದು. ಟಿಸಿಪಿಡಂಪ್ ಹಾಕಿದರೂ ಕಾಪಿ ಆಗುತ್ತದೆ. ಅದು ಪ್ಯಾಕೆಟ್ ನೋಡಬೇಕಾದರೆ ಕರ್ನಲ್ ಕಾಪಿ ಮಾಡಬೇಕು. ಚದುರಿದ ಮೆಮೊರಿ ತುಂಡುಗಳಿಂದ ನೇರವಾಗಿ ಓದುವ ಸ್ಕ್ಯಾಟರ್ ಗ್ಯಾದರ್ ಇಲ್ಲದ ಕಾರ್ಡ್‌ನಲ್ಲೂ ಕಾಪಿಯೇ. ಇಥ್‌ಟೂಲ್‌ಗೆ ಕೆ ಕೊಟ್ಟು ಅದು ಆನ್ ಇದೆಯಾ ನೋಡಿ.

ನಿಜವಾಗಿ ಕಾಪಿ ಆಯಿತಾ ಇಲ್ಲವಾ ಅಂತ ನೋಟಿಫಿಕೇಶನ್ನೇ ಹೇಳುತ್ತದೆ. ಅದರ ಕೋಡ್ ಜಾಗದಲ್ಲಿ 1 ಇದ್ದರೆ ಕಾಪಿ ಆಗಿದೆ. ಹೆಚ್ಚಿನವು 1 ಬರುತ್ತಿದ್ದರೆ ಆ ಸಾಕೆಟ್‌ನಲ್ಲಿ ಫ್ಲ್ಯಾಗ್ ಕೊಡುವುದನ್ನೇ ನಿಲ್ಲಿಸಿ. ಪೇಜ್ ಹಿಡಿಯುವ ಖರ್ಚು, ನೋಟಿಫಿಕೇಶನ್ ಖರ್ಚು, ಮೇಲೆ ಕಾಪಿ ಖರ್ಚು ಎಲ್ಲ ಕೊಡುತ್ತಿದ್ದೀರಿ. ಸುಮಾರು 10 ಕೆಬಿಗಿಂತ ಚಿಕ್ಕ ಸೆಂಡ್‌ಗಳಿಗೂ ಫ್ಲ್ಯಾಗ್ ಬೇಡ, ಅಲ್ಲಿ ಕಾಪಿಯೇ ಅಗ್ಗ.

ಸರಿಯಾಯಿತು ಅಂತ ಹೇಗೆ ತಿಳಿಯುವುದು

ಮಿತಿ ಏರಿಸಿದ ಮೇಲೆ 105 ಬರುತ್ತಿಲ್ಲ ಅಂದರೆ ಕೋಡ್ ಸರಿಯಾಗಿದೆ ಅಂತ ಗೊತ್ತಾಗುವುದಿಲ್ಲ. ನಾವು ಮಾಡುವುದು ಹೀಗೆ. ಟೆಸ್ಟ್‌ಗೆ ಎರಡು ಬೇರೆ ಮೆಷಿನ್, ರೂಟ್ ಅಲ್ಲದ ಯೂಸರ್. ಪ್ರತಿ ತುಂಡಿನ ಕೊನೆಗೆ ಅದರ ಹ್ಯಾಶ್ ಇಟ್ಟು, ಆ ಕಡೆ ತಾಳೆ ನೋಡುತ್ತೇವೆ. ಪೂರ್ತಿ ಲೋಡ್ ಓಡುತ್ತಿರುವಾಗಲೇ ಪಿಆರ್‌ಲಿಮಿಟ್‌ನಿಂದ ಮೆಮ್‌ಲಾಕನ್ನು 64 ಕೆಬಿಗೆ ಇಳಿಸುತ್ತೇವೆ. ಆ ಕ್ಷಣದಿಂದ ಪ್ರತಿ ಝೀರೋ ಕಾಪಿ ಸೆಂಡ್‌ಗೂ 105 ಬರುತ್ತದೆ. ಕಾಪಿ ಕೌಂಟರ್ ಏರಬೇಕು, ಸಿಪಿಯು ಸ್ವಲ್ಪ ಏರಬಹುದು, ಒಂದು ಹ್ಯಾಶೂ ತಪ್ಪಬಾರದು. ಹತ್ತು ನಿಮಿಷ ಬಿಟ್ಟು ಮಿತಿಯನ್ನು 128 ಎಂಬಿಗೆ ವಾಪಸ್ ಏರಿಸುತ್ತೇವೆ. ಕೌಂಟರ್ ಅಲ್ಲಿಗೇ ನಿಲ್ಲಬೇಕು, ಲೋಡ್ ನಿಲ್ಲಿಸಿದ ಮೇಲೆ ಎಸ್‌ಎಸ್‌ನಲ್ಲಿ ಓ ಮುಂದಿನ ಅಂಕಿ ಎಲ್ಲ ಸಾಕೆಟ್‌ನಲ್ಲೂ ಸೊನ್ನೆಗೆ ಇಳಿಯಬೇಕು. ಮೊದಲ ಸಲ ಇದನ್ನು ಓಡಿಸಿದಾಗ ನಾಲ್ಕು ಸಾಕೆಟ್‌ಗಳಲ್ಲಿ ನಮ್ಮ ಪಟ್ಟಿಯ ಬಫರ್‌ಗಳು ಬಿಡುಗಡೆಯಾಗಲೇ ಇಲ್ಲ. ನಾಲ್ಕೂ ಐಪಿವಿ6 ಆಗಿದ್ದವು.